ಯಾರು ಬಂದಿಲ್ಲ ಅಂತ ನೋಡುವ ಕೆಲಸ

2017ರಲ್ಲಿ ನಮ್ಮ ಸಭೆಯವರು ಒಂದು ಮನೆಗೆ ಸಹಾಯ ಮಾಡಿದೆವು. ಮೂರೇ ವಾರಕ್ಕೆ ಆ ಮನೆಯವರು ಚರ್ಚಿಗೆ ಬರುವುದನ್ನು ನಿಲ್ಲಿಸಿಬಿಟ್ಟರು. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಶುರುವಾದದ್ದು ಅಲ್ಲಿಂದ.

ನಮ್ಮದು ತುಮಕೂರು ರಸ್ತೆಯ ಕಡೆ, ಪೀಣ್ಯಕ್ಕೆ ಹತ್ತಿರದ, ಸಿಎಸ್‌ಐಗೆ (ದಕ್ಷಿಣ ಭಾರತ ಸಭೆಗೆ) ಸೇರಿದ ಒಂದು ಕನ್ನಡ ಸಭೆ. ನೂರಕ್ಕಿಂತ ಸ್ವಲ್ಪ ಜಾಸ್ತಿ ಮನೆಗಳು. ಹಳಬರಲ್ಲಿ ಹೆಚ್ಚಿನವರು ಹಳೇ ಮೈಸೂರಿನ ಕಡೆಯವರು. ನನ್ನ ಅಜ್ಜಿ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿಗೆ ಹೋಗುತ್ತಿದ್ದವರು. ಆ ಕಲ್ಲಿನ ಕಟ್ಟಡ 1904ರದ್ದು. ಅಲ್ಲಿಂದ ಮದುವೆ, ಕೆಲಸ, ಸೈಟು ಅಂತ ಊರಿನ ಈ ತುದಿಗೆ ಬಂದವರು ನಾವು. ಈಗಿನ ಸಭೆ ಹಾಗಿಲ್ಲ. ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲಸಕ್ಕೆ ಬೀದರ್, ಗದಗ, ರಾಯಚೂರಿನಿಂದ ಬಂದವರು ಹಿಂದಿನ ಬೆಂಚುಗಳಲ್ಲಿ ತುಂಬಿರುತ್ತಾರೆ. ನಾನು ಶಾಲೆಯ ಕೆಲಸದಿಂದ ನಿವೃತ್ತಿಯಾದ ವರ್ಷ ನನ್ನನ್ನು ಮಹಿಳಾ ಕೂಟದ ಕಾರ್ಯದರ್ಶಿ ಮಾಡಿದರು. ಬಡವರ ನಿಧಿಯ ಕೆಲಸವೂ ಜೊತೆಗೇ ಬಂತು. ತಿಂಗಳ ಮೊದಲ ಭಾನುವಾರ, ಕರ್ತರ ಭೋಜನದ ದಿನ, ಬೇರೆಯಾಗಿ ಎತ್ತುವ ಕಾಣಿಕೆ ಅದು.

ಬೀದರ್ ಕಡೆಯ ಆ ಮನೆಯವನು ಸೆಂಟ್ರಿಂಗ್ ಕೆಲಸದಲ್ಲಿ ಸಾರ್ವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ವಿಶೇಷ ಕಾಣಿಕೆ ಎತ್ತಿದೆವು. 18,400 ರೂಪಾಯಿ ಆಯಿತು. ಭಾನುವಾರ ಪ್ರಕಟಣೆಯ ಹೊತ್ತಿಗೆ ಅವನ ಹೆಂಡತಿಯನ್ನು ಮುಂದಕ್ಕೆ ಕರೆದು, ಮೊತ್ತ ಓದಿ, ಕವರ್ ಕೈಗಿಟ್ಟು, ಪ್ರಾರ್ಥನೆ ಮಾಡಿದೆವು. ಯಾರೋ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೂ ಹಾಕಿದರು. ಪ್ರಕಟಣೆ ಓದಿದವಳು ನಾನೇ. ಅವತ್ತು ನನಗೆ ತುಂಬಾ ಸಂತೋಷವಾಗಿತ್ತು.

ಅವರು ಬರುವುದು ನಿಂತಾಗ ಊರಿಗೆ ಹೋಗಿರಬೇಕು ಅಂದುಕೊಂಡೆ. ಕೊನೆಗೆ ಒಂದು ಬುಧವಾರ ಮನೆ ಹುಡುಕಿಕೊಂಡು ಹೋದೆ. ಒಂದೇ ರೂಮು, ಶೀಟಿನ ಮನೆ. ಎಲ್ಲಿಗೂ ಹೋಗದೆ ಇಲ್ಲೇ ಇದ್ದರು. ಆಕೆ ಚಹಾ ಕೊಟ್ಟಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂದಳು: "ಅಕ್ಕಾ, ಎಲ್ಲಾರೂ ನಿಮ್ಮನಿಯವರು ಹ್ಯಾಂಗದಾರ ಅಂತ ಕೇಳ್ತಾರ್ರಿ. ನನಗ ಅದು ರೊಕ್ಕದ ಲೆಕ್ಕ ಕೇಳಿದಂಗ ಆಗ್ತದ." ಅವಳ ಮಗನಿಗೆ ಸಂಡೇ ಸ್ಕೂಲಿನಲ್ಲಿ ಇನ್ನೊಂದು ಹುಡುಗ, "ನಮ್ಮಪ್ಪ ನಿಮಗೆ ದುಡ್ಡು ಕೊಟ್ಟಿದ್ದಾರೆ" ಅಂದಿದ್ದನಂತೆ. ಅವತ್ತಿನಿಂದ ಮಗು ಬರಲು ಒಪ್ಪಲೇ ಇಲ್ಲ.

ಆ ಹುಡುಗ ಕೆಟ್ಟವನಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳಿದ್ದಾನೆ. ತಪ್ಪು ನಮ್ಮದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಚಿಕ್ಕಂದಿನಿಂದ ಬಾಯಿಪಾಠ ಮಾಡಿದವರು ನಾವು. ಅದನ್ನು ಮೈಕಿನಲ್ಲಿ ಓದಿ ಹೇಳಿದ್ದೆವು.

ನಮ್ಮ ಸಭೆಯ ಪಾದ್ರಿ, ಅಯ್ಯನವರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಮುಂದಿನ ನಾಲ್ಕು ಬುಧವಾರ ಬೈಬಲ್ ಪಾಠದಲ್ಲಿ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನೇ ಓದೋಣಮ್ಮಾ" ಅಂದರು. ನನಗೆ ಗೊತ್ತಿದ್ದ ಅಧ್ಯಾಯವೇ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನದಿನವೂ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಆಗ ಏಳು ಜನರನ್ನು ಆರಿಸಿದರು. ಇಷ್ಟನ್ನು ಎಷ್ಟೋ ಸಲ ಓದಿದ್ದೆ. ಆ ಏಳು ಹೆಸರುಗಳನ್ನು ಮಾತ್ರ ಯಾವತ್ತೂ ಗಮನಿಸಿರಲಿಲ್ಲ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಅಂದರೆ ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟಂತೆ ಕಾಣುತ್ತದೆ. ಅಯ್ಯನವರು ಇದನ್ನು ಹೇಳಿದಾಗ ನನ್ನ ಕಣ್ಣು ತಾನಾಗಿ ಹಿಂದಿನ ಬೆಂಚಿನ ಕಡೆ ಹೋಯಿತು.

ನಮ್ಮ ಸಹಾಯ ಸಮಿತಿಯಲ್ಲಿ ಆಗ ಐದು ಜನ. ಐದೂ ಜನ ಸ್ವಂತ ಮನೆ ಇದ್ದವರು. ಬಾಡಿಗೆ ಕಟ್ಟುವವರು ಒಬ್ಬರೂ ಇರಲಿಲ್ಲ. ಇನ್ನೊಂದು ವಿಷಯವೂ ಇತ್ತು. ನಿಧಿಯ ಸಹಾಯ ಸಭೆಯ ಪಟ್ಟಿಯಲ್ಲಿ ಹೆಸರಿದ್ದು ಚಂದಾ ಕಟ್ಟುವವರಿಗೆ ಮಾತ್ರ ಅನ್ನುವ ರೂಢಿ. ಬೀದರ್ ಕಡೆಯವರಲ್ಲಿ ಬಹಳ ಜನ ಮೆಥಡಿಸ್ಟ್ ಅನ್ನುವ ಬೇರೆ ಪಂಗಡದವರು. 1947ರಲ್ಲಿ ಹಲವು ಪಂಗಡಗಳು ಸೇರಿ ಸಿಎಸ್‌ಐ ಆದಾಗ ಇಲ್ಲಿನ ವೆಸ್ಲಿಯನ್ (ಬ್ರಿಟಿಷ್ ಮೆಥಡಿಸ್ಟ್) ಸಭೆಗಳು ಸೇರಿದವು, ಬೀದರಿನ ಮೆಥಡಿಸ್ಟ್ ಸಭೆಗಳು ಬೇರೆಯಾಗಿಯೇ ಉಳಿದವು. ಹಾಗಾಗಿ ಅವರ ಪಟ್ಟಿ ಊರಲ್ಲಿದೆ, ಅವರು ಇಲ್ಲಿದ್ದಾರೆ. ಪ್ರತಿ ವಾರ ನಮ್ಮ ಜೊತೆ ಹಾಡುತ್ತಾರೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ಆ ಮನೆಗೆ ವಿಶೇಷ ಕಾಣಿಕೆ ಎತ್ತಬೇಕಾಗಿ ಬಂದದ್ದೂ ಇದಕ್ಕೇ. ನಿಧಿಯಿಂದ ಸುಮ್ನೆ ಕೊಡಲು ಆಗುತ್ತಿರಲಿಲ್ಲ.

ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಯಾರಿಗೆ ಅಂತ ಹೆಸರು ಹೇಳದೆ ಕೊಡೋಣ ಅಂದಾಗ ಖಜಾಂಚಿಯವರು ಮೊದಲು ಒಪ್ಪಲಿಲ್ಲ. ಅವರ ಮಾತಿನಲ್ಲೂ ನ್ಯಾಯ ಇತ್ತು. ಲೆಕ್ಕ ತಪಾಸಣೆಗೆ ಬಂದವರು, ಹೆಸರಿಲ್ಲದ ವೋಚರನ್ನು ಹೇಗೆ ಒಪ್ಪುತ್ತಾರೆ? ಜನ ಕೊಟ್ಟ ಹಣ ಅದು. ಎರಡು ತಿಂಗಳು ಮಾತಾಡಿ ಒಂದು ದಾರಿ ಕಂಡುಕೊಂಡೆವು. ವೋಚರಿನ ಮೇಲೆ ಹೆಸರಿನ ಬದಲು ನಂಬರ್. ಯಾವ ನಂಬರ್ ಯಾರದು ಅನ್ನುವ ಪುಸ್ತಕ ಬೀರುವಿನಲ್ಲಿ, ಕೀಲಿ ಅಯ್ಯನವರ ಹತ್ತಿರ. ತಪಾಸಣೆಗೆ ಬಂದವರು ಕೇಳಿದರೆ ಅವರೊಬ್ಬರಿಗೆ ತೋರಿಸುವುದು. ವಾರ್ಷಿಕ ಸಭೆಯಲ್ಲಿ ಒಟ್ಟು ಮೊತ್ತ, ಎಷ್ಟು ಮನೆ ಅನ್ನುವುದನ್ನು ಮಾತ್ರ ಓದುವುದು. ಫೋಟೋ ಪೂರ್ತಿ ನಿಂತಿತು. ಪಟ್ಟಿಯ ಮಾತೂ ಸಡಿಲಾಯಿತು: ಮೂರು ತಿಂಗಳು ನಮ್ಮ ಜೊತೆ ಆರಾಧನೆಗೆ ಕೂತವರು ನಮ್ಮವರು. ಇದನ್ನು ಒಪ್ಪಿಸಲು ನನಗೆ ಅತಿ ಹೆಚ್ಚು ಸಹಾಯ ಮಾಡಿದವರು ಅದೇ ಖಜಾಂಚಿಯವರು.

ಸಮಿತಿಗೆ ಸೇರಿ ಅಂತ ಆ ಬೀದರ್ ಅಕ್ಕನನ್ನೇ ಕೇಳಿಕೊಂಡೆವು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೂ ನಾವೆಲ್ಲ ಅಕ್ಕ ಅಂತಲೇ ಕರೆಯುತ್ತೇವೆ. "ನಾ ಏನ್ ಕೊಡ್ಲಿರಿ" ಅಂದಳು. ಕೊಡುವುದು ಬೇಡ, ನಮಗೆ ಕಾಣದ್ದನ್ನು ತೋರಿಸು ಸಾಕು ಅಂದೆ. ಎಂಟು ತಿಂಗಳಾದ ಮೇಲೆ ಬಂದಳು. ಅಷ್ಟು ಕಾಲ ಬೇಕಾಯಿತು. ಬಂದ ಮೇಲೆ ಅವಳು ತಂದ ಸುದ್ದಿಗಳು ನಮ್ಮ ಕಿವಿಗೆ ಯಾವತ್ತೂ ಬೀಳದವು. ಯಾವ ಹುಡುಗಿಗೆ ಗಾರ್ಮೆಂಟ್ಸ್‌ನಲ್ಲಿ ಸಂಬಳ ತಡವಾಗಿದೆ, ಯಾವ ಮನೆಯಲ್ಲಿ ಗ್ಯಾಸ್ ಮುಗಿದು ಮೂರು ದಿನವಾಗಿದೆ, ಯಾವ ಬಾಣಂತಿಯ ಹತ್ತಿರ ಯಾರೂ ಇಲ್ಲ. ಊರಿನ ರೇಷನ್ ಕಾರ್ಡಿನ ಮೇಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿರಲಿಲ್ಲ. ಮೊದಲ ಸಲ ಜೊತೆಗೆ ಹೋಗಿ ನಿಂತವಳು ಅವಳೇ. ನಾವು ಚೀಲ ಹೊತ್ತು ಕೊಡುತ್ತಿದ್ದ ಅಕ್ಕಿಗಿಂತ ಅದು ಗಟ್ಟಿ ಸಹಾಯ. ತಿಂಗಳು ತಿಂಗಳು ಬರುತ್ತದೆ, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ನನ್ನ ಪಾಲಿನ ಕೆಲಸ ಒಂದು ನೋಟ್‌ಬುಕ್. ಶಾಲೆಯ ಹಾಜರಿ ಪುಸ್ತಕದ ಅಭ್ಯಾಸ ಅದು. ಆದರೆ ಇದರಲ್ಲಿ ಬಂದವರ ಹೆಸರಿಲ್ಲ, ಬರದವರದು ಮಾತ್ರ. ನಮ್ಮಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನುವುದು ಹೆಚ್ಚುಕಡಿಮೆ ಗೊತ್ತು. ಕಡೆಯ ಕೀರ್ತನೆ ಹಾಡುವಾಗ ಒಂದು ಸಲ ಕಣ್ಣಾಡಿಸಿದರೆ ಖಾಲಿ ಜಾಗ ಕಾಣುತ್ತದೆ. ಮನೆಗೆ ಬಂದು ಬರೆಯುತ್ತೇನೆ. ಒಂದು ವಾರ ಬರದಿದ್ದರೆ ಏನೂ ಇಲ್ಲ, ಮದುವೆಯೋ ಜ್ವರವೋ ಇರಬಹುದು. ಎರಡನೇ ವಾರ ಒಂದು ಫೋನ್. ಮೂರನೇ ವಾರ, ಬುಧವಾರ, ಇಬ್ಬರು ಹೋಗುತ್ತೇವೆ. ಯಾವತ್ತೂ ಇಬ್ಬರೇ. ನಾಲ್ಕೈದು ಜನ ಹೋದರೆ ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಾರೆ.

ಹೋದಾಗ "ಯಾಕೆ ಚರ್ಚಿಗೆ ಬರಲಿಲ್ಲ" ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಯಾರೂ ಕೊಡುವುದಿಲ್ಲ. ಕೂರುತ್ತೇವೆ. ಕೊಟ್ಟದ್ದನ್ನು ಕುಡಿಯುತ್ತೇವೆ. ಮಕ್ಕಳ ಪುಸ್ತಕ ನೋಡುತ್ತೇನೆ, ಟೀಚರ್ ಅಲ್ವಾ. ಅರ್ಧ ಗಂಟೆ ಆದ ಮೇಲೆ, ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ಮಾತು ಬರುತ್ತದೆ. ಬಹಳ ಸಲ ಹಾಗೇ ಆಗಿದೆ. ಅದಕ್ಕೇ ನಾನು ಚಪ್ಪಲಿ ಹಾಕಿಕೊಳ್ಳುವಾಗ ಬೇಕೆಂದೇ ನಿಧಾನ ಮಾಡುತ್ತೇನೆ.

ಸಾವಿನ ಮನೆಯ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ಜನ ಸೇರುತ್ತಾರೆ, ಆದರೆ ಯಾರು ಏನು ಮಾಡಬೇಕು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಈಗ ನಾಲ್ಕು ಜನ ಇದಕ್ಕೇ ಇದ್ದಾರೆ. ಮನೆಯಲ್ಲೇ ತೀರಿಕೊಂಡಿದ್ದರೆ, ನೋಡುತ್ತಿದ್ದ ಡಾಕ್ಟರ ಹತ್ತಿರ ಸಾವಿನ ಕಾರಣದ ಸರ್ಟಿಫಿಕೇಟ್ ಬರೆಸಿಕೊಳ್ಳಲು ಒಬ್ಬರು. ಫ್ರೀಜರ್ ಪೆಟ್ಟಿಗೆ, ಶಾಮಿಯಾನ, ಕುರ್ಚಿಗೆ ಒಬ್ಬರು. ಸಮಾಧಿಯ ಜಾಗ, ಗುಂಡಿ ತೆಗೆಯುವವರಿಗೆ ಒಬ್ಬರು. ಬೆಂಗಳೂರಿನಲ್ಲಿ ಸಮಾಧಿಗೆ ಜಾಗ ಸಿಗುವುದೇ ಕಷ್ಟ, ಮನೆಯವರ ಹಳೇ ಸಮಾಧಿ ಇದ್ದರೆ ಅದನ್ನೇ ತೆಗೆಸಬೇಕಾಗುತ್ತದೆ. ಆ ಮಾತನ್ನು ಮನೆಯವರ ಹತ್ತಿರ ಮೆಲ್ಲಗೆ ಎತ್ತಲು ಬರಬೇಕು. ನಾಲ್ಕನೆಯವರು ಬೇರೆ ಏನೂ ಮಾಡುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಪಕ್ಕದಲ್ಲಿ ಕೂರುತ್ತಾರೆ. ನೀರು ಕೊಡುತ್ತಾರೆ, ಮಾತ್ರೆಯ ಹೊತ್ತು ನೆನಪಿಡುತ್ತಾರೆ. ಅಳುವವರ ಸಂಗಡ ಅಳಿರಿ ಅಂತ ಪೌಲನು ರೋಮಾಪುರದವರಿಗೆ ಬರೆದನಲ್ಲ, ಆ ಕೆಲಸ ಇದು.

ಮಣ್ಣು ಹಾಕಿ ಬಂದ ಮೇಲೆ ನಾಲ್ಕನೇ ದಿನಕ್ಕೆ ನೆಂಟರೆಲ್ಲ ಹೊರಡುತ್ತಾರೆ. ನಮ್ಮ ಕೆಲಸದ ಹೆಚ್ಚಿನ ಪಾಲು ಅಲ್ಲಿಂದ ಶುರು. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಮರಣ ಪ್ರಮಾಣಪತ್ರ ಇಲ್ಲದೆ ಬ್ಯಾಂಕು, ಪಿಂಚಣಿ, ವಿಮೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಒಂದು ಮನೆಯಲ್ಲಿ ಎಲ್ಲಾ ವ್ಯವಹಾರ ಗಂಡನೇ ನೋಡಿಕೊಳ್ಳುತ್ತಿದ್ದ. ಹೋದ ಮೇಲೆ ಆ ತಾಯಿಗೆ ಕರೆಂಟ್ ಬಿಲ್ ಎಲ್ಲಿ ಕಟ್ಟುವುದು ಅನ್ನುವುದೂ ತಿಳಿದಿರಲಿಲ್ಲ. ಚರ್ಚಿನ ಹಾಡುವ ತಂಡ, ಅಂದರೆ ಕಾಯರಿನ ಒಬ್ಬ ಹುಡುಗ ಆರು ತಿಂಗಳು, ತಿಂಗಳಿಗೊಮ್ಮೆ ಹೋಗಿ ಹೇಳಿಕೊಟ್ಟ. ಏಳನೇ ತಿಂಗಳು ಆ ತಾಯಿ ತಾನೇ ಕಟ್ಟಿ, ಅವನಿಗೆ ಫೋನ್ ಮಾಡಿ ಹೇಳಿದರಂತೆ. ನನಗೆ ಇದು ದೊಡ್ಡ ಸೇವೆ ಅನ್ನಿಸುತ್ತದೆ.

2021ರ ಏಪ್ರಿಲ್ ಕೊನೆಗೆ ಕೊರೊನಾದ ಎರಡನೇ ಅಲೆಯಲ್ಲಿ ಚರ್ಚು ಮುಚ್ಚಿತು. ಖಾಲಿ ಬೆಂಚು ನೋಡಲು ಬೆಂಚೇ ಇಲ್ಲ. ಸಭೆಯ ಎಲ್ಲಾ ಮನೆಗಳನ್ನೂ ಹಂಚಿಕೊಂಡು, ಒಬ್ಬೊಬ್ಬರು ಹತ್ತು ಹತ್ತು ಮನೆಗೆ ದಿನಾ ಸಂಜೆ ಫೋನ್ ಮಾಡಿದೆವು. ಸೋಂಕಿನ ಮನೆಗಳ ಗೇಟಿಗೆ ಊಟದ ಚೀಲ ನೇತುಹಾಕಿ ಬರುತ್ತಿದ್ದೆವು. ಬೀದರ್ ಅಕ್ಕನ ಗಂಡ ಆಗ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಕಾಲು ಸ್ವಲ್ಪ ಎಳೆಯುತ್ತದೆ, ಆದರೂ ಸೈಕಲ್ ತುಳಿಯುತ್ತಾನೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಔಷಧಿ ಹಂಚಲು ಹೊರಡುತ್ತಿದ್ದ. ಅವನು ಔಷಧಿ ಕೊಟ್ಟ ಮನೆಗಳಲ್ಲಿ ಒಂದು, ಸಂಡೇ ಸ್ಕೂಲಿನಲ್ಲಿ ಆ ಮಾತಾಡಿದ ಹುಡುಗನ ಮನೆ. ಅದು ಅವನಿಗೂ ಗೊತ್ತಿತ್ತು.

ಮೇ ತಿಂಗಳಲ್ಲಿ ನಾನೇ ಮಲಗಿದೆ. ಮಕ್ಕಳು ಬೇರೆ ಊರಲ್ಲಿ. ಸಂಜೆ ಫೋನ್ ಬಂದಾಗ "ಚೆನ್ನಾಗಿದ್ದೀನಿ" ಅಂದೆ. ಎರಡು ದಿನ ಹಾಗೇ ಅಂದೆ. ಎರಡು ದಿನ ಬ್ರೆಡ್ ತಿಂದುಕೊಂಡಿದ್ದೆ. ಇಷ್ಟು ವರ್ಷ ಬೇರೆಯವರ ಮನೆಗೆ ಹೋದವಳಿಗೆ, ನನ್ನ ಬಾಗಿಲಿಗೆ ಯಾರಾದರೂ ಬರಲಿ ಅಂತ ಹೇಳಲು ಬಾಯಿ ಬರಲಿಲ್ಲ. ಆ ಶೀಟಿನ ಮನೆಯಲ್ಲಿ ಆಕೆ ಬಹಳ ಹೊತ್ತು ಸುಮ್ಮನೆ ಕೂತಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಮೂರನೇ ದಿನ ಗೇಟಿನಲ್ಲಿ ಸ್ಟೀಲ್ ಡಬ್ಬಿ ನೇತಾಡುತ್ತಿತ್ತು. ಜೋಳದ ರೊಟ್ಟಿ, ಪುಂಡಿ ಪಲ್ಯ. ರಸ್ತೆಯ ಆಚೆ ಬದಿಯಿಂದ ಬೀದರ್ ಅಕ್ಕ ಕೂಗಿದಳು: "ದನಿ ಕೇಳಿದ್ರ ಗೊತ್ತಾಗ್ತದ್ರಿ ಅಕ್ಕಾ. ಉಣ್ರಿ ಮೊದಲ." ಹನ್ನೊಂದು ದಿನ ಡಬ್ಬಿ ಬಂತು.

ಹುಷಾರಾದ ಮೇಲೆ ಡಬ್ಬಿ ಕೊಡಲು ಹೋದೆ. ಖಾಲಿ ಡಬ್ಬಿ ಕೊಡಬಾರದು ಅಂತ ಅಮ್ಮ ಹೇಳುತ್ತಿದ್ದರು. ಎರಡು ಹಿಡಿ ರವೆ ಉಂಡೆ ತುಂಬಿಕೊಂಡು ಹೋಗಿದ್ದೆ. ಅವಳು ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡು, "ಸಕ್ರಿ ಜಾಸ್ತಿ ಆಗ್ಯದ" ಅಂದಳು. ಅಷ್ಟು ಸಲುಗೆ ನಮ್ಮಿಬ್ಬರ ನಡುವೆ ಮೊದಲು ಇರಲಿಲ್ಲ.

ಈಗ ನೋಟ್‌ಬುಕ್ ಅವಳ ಮಗನ ಕೈಯಲ್ಲಿದೆ. ಪಿಯುಸಿ ಓದುತ್ತಾನೆ, ಕಾಯರಿನಲ್ಲಿ ಹಾಡುತ್ತಾನೆ. ಮುಂದೆ ನಿಂತು ಹಾಡುವುದರಿಂದ ಎಲ್ಲಾ ಬೆಂಚೂ ಅವನಿಗೆ ಕಾಣುತ್ತದೆ. ಕಳೆದ ಭಾನುವಾರ ಎರಡು ಹೆಸರು ಬರೆದಿದ್ದಾನೆ. ಒಂದು ಮೂರನೇ ವಾರ. ಬುಧವಾರ ಸಂಜೆ ಐದಕ್ಕೆ ನಾನೂ ಅವನೂ ಹೊರಡುತ್ತೇವೆ.