ಸ್ಟ್ರೀಮ್ ಆಟಗಳಲ್ಲಿ ಲ್ಯಾಗ್: ಎಲ್ಲಿ ಹುಟ್ಟುತ್ತದೆ, ಹೇಗೆ ಇಳಿಸುವುದು

ಮನೆಗೆ 200 ಎಂಬಿಪಿಎಸ್ ಫೈಬರ್ ಇದೆ, ಸ್ಪೀಡ್ ಟೆಸ್ಟ್ ಹಾಕಿದರೆ ಪೂರ್ತಿ 200 ಬರುತ್ತದೆ. ಆದರೂ ಕ್ಲೌಡ್‌ನಲ್ಲಿ, ಅಂದರೆ ದೂರದ ಯಂತ್ರದಲ್ಲಿ ಓಡಿ ವಿಡಿಯೊ ಆಗಿ ಮನೆಗೆ ಬರುವಂತೆ, ಆಟ ತೆರೆದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಪಾತ್ರ ಜಿಗಿಯುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಇನ್ನೂ ದೊಡ್ಡ ಪ್ಲಾನ್ ಹಾಕಿಸುವುದು. ಹಣ ಹೋಗುತ್ತದೆ, ತೊಂದರೆ ಅಲ್ಲೇ ಉಳಿಯುತ್ತದೆ. 1080ಪಿ ಗಾತ್ರದ, ಸೆಕೆಂಡಿಗೆ 60 ಫ್ರೇಮ್‌ಗಳ ಸ್ಟ್ರೀಮ್‌ಗೆ 20ರಿಂದ 25 ಎಂಬಿಪಿಎಸ್ ಸಾಕು. ಎನ್ವಿಡಿಯಾದ ಕ್ಲೌಡ್ ಆಟದ ಸೇವೆ ಜಿಫೋರ್ಸ್ ನೌ ಕೇಳುವುದೂ 25 ಮಾತ್ರ. ಆಟ ಕೆಡಿಸುವುದು ಪ್ಯಾಕೆಟ್‌ಗಳು (ಮಾಹಿತಿಯ ಸಣ್ಣ ತುಂಡುಗಳು) ಬಂದು ಸೇರುವ ತಡ, ಅದಕ್ಕಿಂತ ಹೆಚ್ಚಾಗಿ ಆ ತಡದ ಏರಿಳಿತ. ಒಂದೇ ಸಮ 40 ಮಿಲಿಸೆಕೆಂಡ್ ಇದ್ದರೆ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆ 15, ಮರುಕ್ಷಣ 120 ಆಗುವ ಲೈನಿಗೆ ಯಾವ ಕೈಯೂ ಒಗ್ಗುವುದಿಲ್ಲ.

ಆನ್‌ಲೈನ್ ಆಟ ಬೇರೆ, ಸ್ಟ್ರೀಮ್ ಆಟ ಬೇರೆ

ಕೌಂಟರ್-ಸ್ಟ್ರೈಕ್ 2 ಅಥವಾ ಬಿಜಿಎಂಐಯಂಥ ಆನ್‌ಲೈನ್ ಶೂಟರ್ ಆಡುವಾಗ ಆಟ ಓಡುವುದು ನಿಮ್ಮ ಕಂಪ್ಯೂಟರಿನಲ್ಲೋ ಫೋನಿನಲ್ಲೋ. ಯಾರು ಎಲ್ಲಿದ್ದಾರೆ, ಯಾರು ಗುಂಡು ಹಾರಿಸಿದರು ಎಂಬ ಸಣ್ಣ ಮಾಹಿತಿಯಷ್ಟೇ ಸರ್ವರ್ ಜೊತೆ ಹೋಗಿಬರುತ್ತದೆ. ಮುಂದೆ ನಡೆಯುವ ಕೀ ಒತ್ತಿದ ತಕ್ಷಣ ನಿಮ್ಮ ಯಂತ್ರ ಸರ್ವರ್‌ನ ಉತ್ತರಕ್ಕೆ ಕಾಯದೆ ಪಾತ್ರವನ್ನು ನಡೆಸಿಬಿಡುತ್ತದೆ. ಸರ್ವರ್ ಒಪ್ಪದಿದ್ದರೆ ಆಮೇಲೆ ಹಿಂದಕ್ಕೆ ಎಳೆಯುತ್ತದೆ. ಓಡುತ್ತಿದ್ದ ಪಾತ್ರ ಸರಕ್ಕನೆ ಹಿಂದಿನ ಜಾಗಕ್ಕೆ ಬಂದು ನಿಲ್ಲುವುದು ಇದರಿಂದಲೇ. ಪಿಂಗ್ (ಸುದ್ದಿ ಸರ್ವರ್‌ಗೆ ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್) 60 ಇದ್ದರೂ ನಡಿಗೆ ಹಗುರವಾಗಿ ಅನ್ನಿಸುವುದಕ್ಕೂ ಇದೇ ಕಾರಣ.

ಸ್ಟ್ರೀಮ್ ಆಟದಲ್ಲಿ ಆ ಸೌಲಭ್ಯವಿಲ್ಲ. ಬಟನ್ ಒತ್ತಿದ ಸುದ್ದಿ ದೂರದ ಯಂತ್ರಕ್ಕೆ ಹೋಗಬೇಕು, ಅಲ್ಲಿ ಹೊಸ ಫ್ರೇಮ್ ತಯಾರಾಗಬೇಕು, ಅದು ವಿಡಿಯೊ ಆಗಿ ಕುಗ್ಗಬೇಕು, ನಿಮ್ಮ ಮನೆಗೆ ಬಂದು ಮತ್ತೆ ಬಿಚ್ಚಿಕೊಳ್ಳಬೇಕು, ಟಿವಿ ಅದನ್ನು ತೋರಿಸಬೇಕು. 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್‌ನ ಆಯುಸ್ಸು 16.7 ಮಿಲಿಸೆಕೆಂಡ್. ಮೇಲಿನ ಹಂತಗಳಲ್ಲಿ ಪ್ರತಿಯೊಂದೂ ಒಂದೊಂದು ಫ್ರೇಮ್ ನುಂಗಿದರೂ ಒಟ್ಟು ತಡ ಬೇಗ 100 ಮುಟ್ಟುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಅಂಕಿ ಇದೆ. ಕ್ಲೌಡ್‌ನಲ್ಲಿ ಆನ್‌ಲೈನ್ ಶೂಟರ್ ಆಡುವಾಗ ಆಟದ ಮೂಲೆಯಲ್ಲಿ ಪಿಂಗ್ 4 ಎಂದು ಕಾಣಿಸಬಹುದು. ಅದು ಕ್ಲೌಡ್ ಯಂತ್ರಕ್ಕೂ ಆಟದ ಸರ್ವರ್‌ಗೂ ನಡುವಿನ ತಡ, ನಿಮ್ಮದಲ್ಲ. ನಿಮ್ಮ ತಡ ಬೇಕಿದ್ದರೆ ಸ್ಟ್ರೀಮ್ ಸೇವೆಯದೇ ಅಂಕಿಅಂಶದ ಪಟ್ಟಿ ತೆರೆದು ನೋಡಬೇಕು.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೌಟರ್‌ನ ವಿಳಾಸಕ್ಕೆ ಎರಡು-ಮೂರು ನಿಮಿಷ ಬಿಡದೆ ಪಿಂಗ್ ಹಾಕಿ. ವಿಳಾಸ ಹೆಚ್ಚಾಗಿ 192.168.1.1 ಅಥವಾ 192.168.0.1, ಕೊನೆಯಲ್ಲಿ ಮೈನಸ್ ಟಿ (-t) ಸೇರಿಸಿದರೆ ನಿಲ್ಲಿಸುವವರೆಗೂ ಓಡುತ್ತದೆ. ಕಂಟ್ರೋಲ್ ಜೊತೆ ಸಿ ಒತ್ತಿದರೆ ಕನಿಷ್ಠ, ಗರಿಷ್ಠ, ಸರಾಸರಿ ಬರುತ್ತವೆ. ಸರಾಸರಿ ಬಿಡಿ, ಗರಿಷ್ಠ ನೋಡಿ. ಕೇಬಲ್ ಹಾಕಿದ್ದರೆ 1 ಮಿಲಿಸೆಕೆಂಡ್ ದಾಟಬಾರದು. ಒಳ್ಳೆಯ ವೈಫೈನಲ್ಲಿ 2ರಿಂದ 5. ಆಗಾಗ 50, 100 ಕಾಣಿಸಿದರೆ ದೋಷ ನಿಮ್ಮ ವೈಫೈನದು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ರೌಟರ್ ತನಕ ಎಲ್ಲ ಸರಿ ಎಂದಾದರೆ ಗೂಗಲ್‌ನ 8.8.8.8 ವಿಳಾಸಕ್ಕೆ ಅದೇ ರೀತಿ ಹಾಕಿ. ಮೊದಲು ಮನೆಯಲ್ಲಿ ಯಾರೂ ನೆಟ್ ಬಳಸದಿರುವಾಗ, ಆಮೇಲೆ ಫೋನಿನಿಂದ ಒಂದು ದೊಡ್ಡ ವಿಡಿಯೊವನ್ನು ಡ್ರೈವ್‌ಗೆ ಏರಿಸುತ್ತಿರುವಾಗ. ಎರಡನೇ ಸಲ ಪಿಂಗ್ 20ರಿಂದ 200ಕ್ಕೆ ಹಾರಿದರೆ ಕಾರಣ ಸಿಕ್ಕಿತು: ರೌಟರ್ ತನ್ನೊಳಗೆ ಪ್ಯಾಕೆಟ್‌ಗಳ ಉದ್ದ ಸಾಲು ಕಟ್ಟುತ್ತಿದೆ, ಆಟದ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಂತಿದೆ. ಸಂಜೆ ಮನೆಗೆ ಬಂದ ಎಲ್ಲರ ಫೋನುಗಳೂ ವೈಫೈ ಹಿಡಿದು ಫೋಟೊ ಬ್ಯಾಕಪ್ ಶುರುಮಾಡುವ ಹೊತ್ತಿಗೇ ಆಟ ಕೆಡುವುದು ಇದರಿಂದ.

ಇದಕ್ಕೆ ಸರಿಯಾದ ಮದ್ದು ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಹುದಾದ ರೌಟರ್‌ನಲ್ಲಿ ಸಾಲನ್ನು ಚಿಕ್ಕದಾಗಿಡುವ ಎಸ್‌ಕ್ಯೂಎಂ ಆನ್ ಮಾಡಿ ಅದರ ಕೇಕ್ ವಿಧಾನ ಆರಿಸುವುದು. ವೇಗದ ಮಿತಿಯನ್ನು ನಿಮ್ಮ ನಿಜವಾದ ವೇಗದ ಶೇ 85ರಿಂದ 95ರೊಳಗೆ ಇಡಬೇಕು. 100 ಅಳೆದಿದ್ದರೆ 90. ಮಿತಿ ನಿಜವೇಗಕ್ಕಿಂತ ಕೆಳಗಿದ್ದರೆ ಮಾತ್ರ ಸಾಲು ನಿಮ್ಮ ರೌಟರ್‌ನ ಹಿಡಿತಕ್ಕೆ ಬರುತ್ತದೆ. ಕಂಪನಿ ಕೊಟ್ಟ ಡಬ್ಬಿಯಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಹೊಸ ರೌಟರ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಆಟದ ಹೊತ್ತಿಗೆ ಎಲ್ಲ ಫೋನುಗಳಲ್ಲೂ ಫೋಟೊ ಬ್ಯಾಕಪ್ ನಿಲ್ಲಿಸಿಡಿ. ರಾತ್ರಿ ಮಲಗುವಾಗ ಮತ್ತೆ ಶುರುಮಾಡಿದರೆ ಆ ಕೆಲಸ ಆಟದ ಹೊತ್ತಿನಿಂದ ಆಚೆ ಹೋಗುತ್ತದೆ.

ದೂರದ ತಡವನ್ನು ಮಾತ್ರ ಯಾವ ಸೆಟ್ಟಿಂಗ್ ಕೂಡ ಇಳಿಸಲಾರದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಪ್ರತಿ 1000 ಕಿಲೋಮೀಟರ್‌ಗೆ ಹೋಗಿಬರಲು 10 ಮಿಲಿಸೆಕೆಂಡ್. ಬೆಂಗಳೂರಿಂದ ಮುಂಬೈ ಸರ್ವರ್‌ಗೆ 20–30 ಬರುವುದು ಸಹಜ. ಸಿಂಗಪುರಕ್ಕೆ ನೇರ ಲೆಕ್ಕದಲ್ಲೇ 30 ದಾಟುತ್ತದೆ, ನಿಜದಲ್ಲಿ ಇನ್ನೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಜೊತೆ ಆಡುವುದಾದರೆ 200ರ ಆಚೆಗೇ ಸಿದ್ಧರಾಗಿರಿ. ಅಲ್ಲಿ ಸರದಿ ಪ್ರಕಾರ ಆಡುವ ಆಟಗಳು ಸುಖ.

ವೈಫೈ ಮತ್ತು ಕೇಬಲ್

ಸಾಧ್ಯವಿದ್ದರೆ ಕೇಬಲ್ ಎಳೆಯಿರಿ. ಮನೆಯೊಳಗಿನ ದೂರಕ್ಕೆ ಕ್ಯಾಟ್ 5ಇ ಸಾಕು, ಅದು 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಮೂಲೆಯಲ್ಲಿ ಮಡಚಿದ ಕಡೆ ಮುರಿಯುತ್ತದೆ. ಹಾಕಿದ ಮೇಲೆ ಲಿಂಕ್ ವೇಗ 1000ದ ಬದಲು 100 ತೋರಿಸಿದರೆ ಒಳಗಿನ ನಾಲ್ಕು ಜೊತೆ ತಂತಿಗಳಲ್ಲಿ ಒಂದು ಎಲ್ಲೋ ಕೂಡಿಲ್ಲ ಎಂದರ್ಥ. ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ. ಸ್ಟ್ರೀಮ್‌ಗೆ 100 ಕೂಡ ಸಾಕು, ಆದರೆ ಸಡಿಲ ತಂತಿ ಇವತ್ತಲ್ಲ ನಾಳೆ ಪ್ಯಾಕೆಟ್ ಕಳೆಯುತ್ತದೆ.

ವೈಫೈಯೇ ಗತಿ ಎಂದಾದರೆ ರೌಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಕೊಟ್ಟು, ಆಟದ ಸಾಧನವನ್ನು 5ಕ್ಕೆ ಮಾತ್ರ ಸೇರಿಸಿ. ಎರಡಕ್ಕೂ ಒಂದೇ ಹೆಸರಿದ್ದರೆ ಸಾಧನ ಆಟದ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಆ ಕ್ಷಣ ಚಿತ್ರ ಕಲ್ಲಾಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 36ರಿಂದ 48 ಅಥವಾ 149ರಿಂದ 161ರೊಳಗೆ ಕೈಯಿಂದ ಆರಿಸಿ, ಅಗಲ 80 ಮೆಗಾಹರ್ಟ್ಸ್ ಇಡಿ. ನಡುವಿನ 52ರಿಂದ 144ರ ಚಾನೆಲ್‌ಗಳನ್ನು ರೇಡಾರ್ ಕೂಡ ಬಳಸುತ್ತದೆ; ಅದರ ಸಂಕೇತ ಕಂಡರೆ ರೌಟರ್ ಜಾಗ ಖಾಲಿ ಮಾಡಲೇಬೇಕು, ನಿಮ್ಮ ಆಟ ಅಲ್ಲಿಗೆ ನಿಂತಿತು. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಗಳ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವುದೇ ಕಷ್ಟ. ಅಂಥಲ್ಲಿ ಆಡುವ ಕೋಣೆಯವರೆಗೆ ಕೇಬಲ್ ಎಳೆದು ಅಲ್ಲೊಂದು ಸಣ್ಣ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಇಡುವುದು ಒಳ್ಳೆಯದು. ಗಾಳಿಯಲ್ಲೇ ಸಂಕೇತ ಹಿಡಿದು ಗಾಳಿಯಲ್ಲೇ ಬಿಡುವ ಎಕ್ಸ್‌ಟೆಂಡರ್ ತಡ ಹೆಚ್ಚಿಸುತ್ತದೆ, ಆಟಕ್ಕೆ ಬೇಡ.

ಟಿವಿ, ಕಂಟ್ರೋಲರ್, ಹೆಡ್‌ಫೋನ್

ನೆಟ್‌ವರ್ಕ್‌ನಲ್ಲಿ 10 ಮಿಲಿಸೆಕೆಂಡ್ ಉಳಿಸಲು ಒದ್ದಾಡಿ ಟಿವಿಯಲ್ಲಿ 80 ಕಳೆಯುವುದು ಬಹಳ ಸಾಮಾನ್ಯ. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಚಲನೆ ನಯಗೊಳಿಸುವ ಆಯ್ಕೆ ಆಫ್ ಇರಲಿ: ನಡುವಿನ ಫ್ರೇಮ್ ಹುಟ್ಟಿಸಲು ಅದು ಮುಂದಿನ ಫ್ರೇಮ್‌ಗಾಗಿ ಕಾಯುತ್ತದೆ. ಗೇಮ್ ಮೋಡ್ ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆಯಾಗಿರಬಹುದು, ನೀವು ಬಳಸುವ ಕಿಂಡಿಯಲ್ಲೇ ಹಾಕಿದ್ದೀರಾ ನೋಡಿ.

ಬ್ಲೂಟೂತ್ ಓಡುವುದೂ 2.4 ಗಿಗಾಹರ್ಟ್ಸ್‌ನಲ್ಲಿ. ಸಾಧನ ಅದೇ ತರಂಗಪಟ್ಟಿಯ ವೈಫೈನಲ್ಲಿದ್ದರೆ ಎರಡೂ ಒಂದನ್ನೊಂದು ತುಳಿಯುತ್ತವೆ, ಕಂಟ್ರೋಲರ್‌ನ ಒತ್ತುಗಳು ತಪ್ಪುತ್ತವೆ. ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಈ ಸಮಸ್ಯೆ ಇಲ್ಲವಾಗುತ್ತದೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಶಬ್ದ 150–200 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. ತಂತಿಯದನ್ನೇ ಬಳಸಿ.

ಸ್ವಂತ ಕಂಪ್ಯೂಟರಿನಿಂದ ಟಿವಿಗೆ

ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದ್ದರೆ ತಿಂಗಳ ಚಂದಾ ಬೇಕಿಲ್ಲ. ಸ್ಟೀಮ್ ಲಿಂಕ್ ಸುಲಭ. ಸನ್‌ಶೈನ್ (ಆಟ ಕಳಿಸುವುದು) ಮತ್ತು ಮೂನ್‌ಲೈಟ್ (ಅದನ್ನು ಪಡೆದು ತೋರಿಸುವುದು) ಜೋಡಿ ಉಚಿತ, ಮುಕ್ತ ತಂತ್ರಾಂಶ, ತಡವೂ ಕಡಿಮೆ. ಹೊಂದಿಸಲು ಬೇಕಿರುವುದು ಅರ್ಧ ಗಂಟೆ.

1. ಕಂಪ್ಯೂಟರಿನಲ್ಲಿ ಸನ್‌ಶೈನ್ ಹಾಕಿ, ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಸಹಿತ ಲೋಕಲ್‌ಹೋಸ್ಟ್ ವಿಳಾಸದ 47990 ಪೋರ್ಟ್ (https://localhost:47990) ತೆರೆಯಿರಿ. ಬ್ರೌಸರ್ ಸರ್ಟಿಫಿಕೇಟ್ ಬಗ್ಗೆ ಎಚ್ಚರಿಸುತ್ತದೆ. ಅದು ನಿಮ್ಮದೇ ಯಂತ್ರ ತಯಾರಿಸಿದ್ದು, ಮುಂದುವರಿಯಿರಿ. ಹೆಸರು, ಪಾಸ್‌ವರ್ಡ್ ಕೊಡಿ.

2. ಈ ಕಂಪ್ಯೂಟರನ್ನು ಕೇಬಲ್‌ನಿಂದಲೇ ರೌಟರ್‌ಗೆ ಸೇರಿಸಿ. ಕಳಿಸುವುದೂ ಪಡೆಯುವುದೂ ವೈಫೈನಲ್ಲೇ ಆದರೆ ಪ್ರತಿ ಪ್ಯಾಕೆಟ್ ಎರಡು ಸಲ ಗಾಳಿ ದಾಟುತ್ತದೆ.

3. ಟಿವಿ, ಫೋನ್ ಅಥವಾ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೂನ್‌ಲೈಟ್ ಹಾಕಿ. ಕಂಪ್ಯೂಟರ್ ತಾನಾಗಿ ಕಾಣಿಸುತ್ತದೆ. ಒತ್ತಿದಾಗ ಬರುವ 4 ಅಂಕಿಯ ಪಿನ್ ಅನ್ನು ಸನ್‌ಶೈನ್ ಪುಟದಲ್ಲಿ ತುಂಬಿ.

4. 1080ಪಿ, 60 ಫ್ರೇಮ್, 20 ಎಂಬಿಪಿಎಸ್‌ನಿಂದ ಆರಂಭಿಸಿ. ಅಂಕಿಅಂಶದ ಪಟ್ಟಿಯಲ್ಲಿ ಡಿಕೋಡ್ (ವಿಡಿಯೊ ಬಿಚ್ಚುವ) ಸಮಯ 16 ಮಿಲಿಸೆಕೆಂಡ್ ದಾಟಿದರೆ ಟಿವಿಯ ಚಿಪ್ ಸೋಲುತ್ತಿದೆ. ವಿಡಿಯೊ ಕುಗ್ಗಿಸುವ ವಿಧಾನವಾಗಿ ಎಚ್‌ಇವಿಸಿ ಬದಲು ಎಚ್.264 ಹಾಕಿ ನೋಡಿ, ಅದೂ ಆಗದಿದ್ದರೆ 720ಪಿ.

ಕಂಪ್ಯೂಟರ್ ಕಾಣಿಸದಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಟಿವಿ ಗೆಸ್ಟ್ ವೈಫೈನಲ್ಲಿದೆ, ಅಥವಾ ವಿಂಡೋಸ್ ನಿಮ್ಮ ಮನೆಯ ನೆಟ್‌ವರ್ಕನ್ನು ಪಬ್ಲಿಕ್ ಎಂದು ಗುರುತಿಸಿ ಫೈರ್‌ವಾಲ್ ಮುಚ್ಚಿದೆ. ಪ್ರೈವೇಟ್ ಮಾಡಿ. ಪರದೆ ಕಪ್ಪಾಗಿದ್ದರೆ ಕಂಪ್ಯೂಟರಿನ ಮಾನಿಟರ್ ಆಫ್ ಆಗಿರುವ ಸಾಧ್ಯತೆ ಹೆಚ್ಚು. ಒಂದು ಎಚ್‌ಡಿಎಂಐ ಡಮ್ಮಿ ಪ್ಲಗ್ ಸಿಕ್ಕಿಸಿದರೆ ಗ್ರಾಫಿಕ್ಸ್ ಕಾರ್ಡ್ ಪರದೆ ಇದೆ ಎಂದೇ ನಂಬುತ್ತದೆ.

ಊರಿಗೆ ಹೋದಾಗ ಅಲ್ಲಿಂದ ಮನೆಯ ಕಂಪ್ಯೂಟರ್‌ಗೆ ಸೇರಬೇಕೆಂದರೆ ರೌಟರ್ ಪುಟದ ವ್ಯಾನ್ ವಿಳಾಸ (ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಒಂದೇ ಹೊರವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ರೌಟರ್ ನಿಮ್ಮ ಕಂಪ್ಯೂಟರ್‌ಗೆ ದಾಟಿಸುವುದು) ಕೆಲಸಕ್ಕೆ ಬರುವುದಿಲ್ಲ. ಕೆಲವು ಆಟಗಳು ನ್ಯಾಟ್ ಸ್ಟ್ರಿಕ್ಟ್ (ಬೇರೆ ಆಟಗಾರರ ಜೊತೆ ನೇರ ಸಂಪರ್ಕ ಸಿಗುತ್ತಿಲ್ಲ) ಎಂದು ದೂರುವುದೂ ಇದೇ ಕಾರಣಕ್ಕೆ. ಎರಡೂ ಕಡೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ತಂತ್ರಾಂಶ ಹಾಕಿದರೆ ದಾರಿಯಾಗುತ್ತದೆ, ಆದರೆ ಸಂಪರ್ಕ ನೇರವಾಗಿದೆಯೇ ಎಂದು ಅದರ ಪಿಂಗ್ ಆದೇಶದಿಂದ ಪರೀಕ್ಷಿಸಿ. ನಡುವೆ ರಿಲೇ ಸರ್ವರ್ ಬಂದಿದ್ದರೆ ಆಡುವಷ್ಟು ಚುರುಕು ಇರುವುದಿಲ್ಲ.

ಆಟದೊಳಗಿನ ಸೆಟ್ಟಿಂಗ್, ಆಟದ ಆಯ್ಕೆ

ಫಿಲ್ಮ್ ಗ್ರೇನ್ ತಪ್ಪದೆ ಆಫ್ ಮಾಡಿ. ಪ್ರತಿ ಫ್ರೇಮ್‌ನಲ್ಲೂ ಬದಲಾಗುವ ಆ ಚುಕ್ಕಿಗಳನ್ನು ಕುಗ್ಗಿಸಲು ಎನ್‌ಕೋಡರ್ ತನ್ನ ಬಿಟ್‌ಗಳನ್ನೆಲ್ಲ ಸುರಿಯುತ್ತದೆ, ಮುಖ್ಯ ಚಿತ್ರ ಮಸುಕಾಗುತ್ತದೆ. ಮಳೆ, ಹುಲ್ಲುಗಾವಲು, ದಟ್ಟ ಎಲೆಗಳ ದೃಶ್ಯಗಳಲ್ಲಿ ಚಿತ್ರ ಒಡೆಯುವುದು ಸಹಜ. ಗ್ರೇನ್ ತೆಗೆದರೆ ಅಲ್ಲೂ ಎದ್ದುಕಾಣುವಷ್ಟು ಸುಧಾರಿಸುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಆಟದ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಾಯಿಸುವ ಆಯ್ಕೆ) ಆಫ್ ಇಟ್ಟು ಫ್ರೇಮ್ ಮಿತಿಯನ್ನು ಸ್ಟ್ರೀಮ್‌ಗೆ ಸರಿಯಾಗಿ 60ಕ್ಕೆ ಕಟ್ಟಿ.

ಸಿವಿಲೈಸೇಷನ್ 6, ಸ್ಟಾರ್‌ಡ್ಯೂ ವ್ಯಾಲಿಯಂಥವು 150 ಮಿಲಿಸೆಕೆಂಡ್ ತಡದಲ್ಲೂ ಚೆನ್ನ. ದಿ ವಿಚರ್ 3, ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಪಾತ್ರದ ನಡಿಗೆಗೇ ಒಂದು ಭಾರವಿದೆ, ತಡ ಅದರಲ್ಲಿ ಕರಗಿಹೋಗುತ್ತದೆ. ಸ್ಟ್ರೀಮ್‌ಗೆ ಇವು ಅತ್ಯುತ್ತಮ ಎಂದೇ ಹೇಳಬೇಕು. ಫೋರ್ಜಾ ಹೊರೈಜನ್ 5ರಲ್ಲಿ ತಿರುವು ಮೊದಲೇ ಕಾಣುವುದರಿಂದ ಕೈ ಮುಂಚಿತವಾಗಿ ತಿರುಗಲು ಕಲಿಯುತ್ತದೆ. ಹಾಲೋ ನೈಟ್, ಸೆಕಿರೊಗಳನ್ನು ಸ್ಟ್ರೀಮ್‌ನಲ್ಲಿ ಆಡಬೇಡಿ. ಸರಿಯಾದ ಕ್ಷಣದಲ್ಲಿ ಕತ್ತಿ ತಡೆಯುವುದೇ ಸೆಕಿರೊದ ಜೀವ. ಅದನ್ನು ಕಳೆದುಕೊಂಡು ಆಡಿದರೆ ಆ ಆಟಕ್ಕೆ ಅನ್ಯಾಯ. ಸ್ಟ್ರೀಟ್ ಫೈಟರ್ 6 ಸ್ವಂತ ಯಂತ್ರದಲ್ಲಿದ್ದರೆ ಎದುರಾಳಿ ದೂರವಿದ್ದರೂ ರೋಲ್‌ಬ್ಯಾಕ್ ವ್ಯವಸ್ಥೆ (ಎದುರಾಳಿಯ ನಡೆ ಊಹಿಸಿ, ತಪ್ಪಿದರೆ ತಿದ್ದುವುದು) ಕಾಪಾಡುತ್ತದೆ, ಆದರೆ ಸ್ಟ್ರೀಮ್‌ನ ತಡದ ಮೇಲೆ ಅದಕ್ಕೆ ಹಿಡಿತವಿಲ್ಲ. ಲಯಕ್ಕೆ ತಕ್ಕಂತೆ ಬಟನ್ ಒತ್ತುವ ಸಂಗೀತದ ಆಟಗಳೂ ಬೇಡ.

ಆಟ ಕೊಳ್ಳುವ ಮುನ್ನ ಅದು ಯಾರ ಅಂಗಡಿಯಲ್ಲಿ ಉಳಿಯುತ್ತದೆ ನೋಡಿ. ಗೂಗಲ್‌ನ ಸ್ಟ್ರೀಮ್ ಸೇವೆ ಸ್ಟೇಡಿಯಾ 2023ರ ಜನವರಿ 18ರಂದು ಮುಚ್ಚಿದಾಗ ಅಲ್ಲಿ ಕೊಂಡ ಆಟಗಳೂ ಹೋದವು. ಗೂಗಲ್ ಹಣ ಹಿಂದಿರುಗಿಸಿತು, ಎಲ್ಲರೂ ಹಾಗೆ ಮಾಡುತ್ತಾರೆಂಬ ಖಾತ್ರಿಯಿಲ್ಲ. ಜಿಫೋರ್ಸ್ ನೌನಲ್ಲಿ ಆಡುವುದು ನಿಮ್ಮ ಸ್ಟೀಮ್ ಅಥವಾ ಎಪಿಕ್ ಖಾತೆಯ ಆಟಗಳನ್ನು, ಆದ್ದರಿಂದ ಚಂದಾ ನಿಲ್ಲಿಸಿದರೂ ಅವು ಕೈಯಲ್ಲಿರುತ್ತವೆ.

ಡೇಟಾ ಮತ್ತು ಕರೆಂಟ್

20 ಎಂಬಿಪಿಎಸ್ ಸ್ಟ್ರೀಮ್ ಗಂಟೆಗೆ 9 ಜಿಬಿ ತಿನ್ನುತ್ತದೆ. ತಿಂಗಳಿಗೆ 3300 ಜಿಬಿ ಮಿತಿಯ ಫೈಬರ್ ಪ್ಲಾನ್‌ಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್ ಮಾತ್ರ 720ಪಿ, 10 ಎಂಬಿಪಿಎಸ್‌ನಲ್ಲೂ ಸುಮಾರು 27 ನಿಮಿಷಕ್ಕೆ ಮುಗಿಯುತ್ತದೆ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿದರೂ ರೌಟರ್ ಸಾಯುತ್ತದೆ, ಮರಳಿ ಏಳಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಕ್ಲೌಡ್ ಸೇವೆ ನಿಮ್ಮ ಆಟ ಮುಚ್ಚಿರಬಹುದು. 12 ವೋಲ್ಟ್‌ನ ಮಿನಿ ಯುಪಿಎಸ್ ಇದಕ್ಕೆ ಸಾಕು. ಕೊಳ್ಳುವ ಮೊದಲು ರೌಟರ್‌ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ: 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಹೆಚ್ಚೆಂದರೆ 12 ವ್ಯಾಟ್, ಎರಡು ಗಂಟೆಗೆ 24 ವ್ಯಾಟ್-ಅವರ್ ಬ್ಯಾಟರಿ ಬೇಕು. ಫೈಬರ್ ಡಬ್ಬಿ ಮತ್ತು ರೌಟರ್ ಬೇರೆ ಬೇರೆಯಾಗಿದ್ದರೆ ಎರಡನ್ನೂ ಕೂಡಿಸಿ ಲೆಕ್ಕಹಾಕಿ, ಎರಡು ಔಟ್‌ಪುಟ್ ಇರುವ ಮಾದರಿ ತನ್ನಿ. ಪಿನ್‌ನ ಒಳಭಾಗ ಪಾಸಿಟಿವ್ ಎಂಬ ಗುರುತು ಎರಡು ಕಡೆಯೂ ಹೊಂದದಿದ್ದರೆ ಸಿಕ್ಕಿಸಬೇಡಿ, ರೌಟರ್ ಸುಟ್ಟುಹೋದೀತು.