ಒಂದು ಕೈ ಕಂಬಿಗೆ, ಒಂದು ಕೈ ಪುಸ್ತಕಕ್ಕೆ

ಕೇಕಿಗೆ ಮೈದಾ ತೂಗಲು ಅಂತ ತಂದ ಪುಟ್ಟ ತಕ್ಕಡಿಯೊಂದು ನಮ್ಮ ಅಡುಗೆಮನೆಯಲ್ಲಿದೆ. ಕೇಕ್ ಮಾಡಿದ್ದು ಎರಡೇ ಸಲ. ಈಗ ಅದರ ಮೇಲೆ ನಾನು ಪುಸ್ತಕ ತೂಗುತ್ತೇನೆ. 250 ಗ್ರಾಂ ಒಳಗಿದ್ದರೆ ಆಫೀಸ್ ಬ್ಯಾಗಿಗೆ, ಜಾಸ್ತಿ ಇದ್ದರೆ ಮಂಚದ ಪಕ್ಕಕ್ಕೆ. ಮಗಳು ನಗುತ್ತಾಳೆ. ನಗಲಿ.

ಬೆಂಗಳೂರಿನಲ್ಲಿ ಓದೋಕೆ ಟೈಮೇ ಇಲ್ಲ ಅಂತ ನಾನೂ ಹತ್ತು ವರ್ಷ ಹೇಳಿಕೊಂಡು ಓಡಾಡಿದವಳೇ. ವಿಜಯನಗರದಲ್ಲಿ ಮನೆ, ಕುಂದಲಹಳ್ಳಿಯಲ್ಲಿ ಅಕೌಂಟ್ಸ್ ಕೆಲಸ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಮೆಟ್ರೋದಲ್ಲೇ ಓಡಾಟ. ಬೆಳಿಗ್ಗೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು ನಿಂತೇ ಇರುತ್ತೇನೆ. ಆಗ ಗೊತ್ತಾಯಿತು, ಟೈಮ್ ಇದೆ, ಕೈ ಇಲ್ಲ. ಒಂದು ಕೈ ಕಂಬಿಗೆ ಹೋಯಿತಲ್ಲ. ಉಳಿದ ಒಂದು ಕೈಗೆ ಸರಿಯಾಗಿ ಕೂರುವುದು ಫೋನು, ಅದಕ್ಕೇ ಬೋಗಿ ತುಂಬಾ ಎಲ್ಲರೂ ಫೋನು ನೋಡುತ್ತಾರೆ. ನೀವೂ ನಿಂತು ಹೋಗುವವರಾದರೆ, ಒಂದೇ ಕೈಯಲ್ಲಿ ನಿಲ್ಲುವ ಪುಸ್ತಕ ಹುಡುಕುವುದರಿಂದ ಶುರು ಮಾಡಿ.

ಅಂಗಡಿಗೆ ತಕ್ಕಡಿ ಹೊತ್ತುಕೊಂಡು ಹೋಗಬೇಕಿಲ್ಲ. ನಮ್ಮಪ್ಪ ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಯಾವ ಪುಸ್ತಕ ಕೈಗೆ ಬಂದರೂ ಮುಖಪುಟ ದಾಟಿ ಸೀದಾ ಒಳಗಿನ ಎರಡನೇ ಪುಟಕ್ಕೆ ಹೋಗುತ್ತಿದ್ದರು. ಕನ್ನಡ ಪುಸ್ತಕಗಳ ಜಾತಕ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮುದ್ರಣ ಎಷ್ಟನೆಯದು, ಪ್ರತಿಗಳು ಎಷ್ಟು, ಪುಟ ಎಷ್ಟು, ಬೆಲೆ ಎಷ್ಟು, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಅಳತೆ 1/8 ಡೆಮಿ. ಮ್ಯಾಪ್‌ಲಿಥೋ ಅಂದರೆ ಪುಸ್ತಕ ಅಚ್ಚು ಹಾಕುವ ಮಾಮೂಲಿ ಬಿಳಿ ಕಾಗದ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 1/8 ಡೆಮಿ ನಮ್ಮ ಮಾಮೂಲಿ ಕಾದಂಬರಿಗಳ ಅಳತೆ, ಸುಮಾರು 14 ಸೆಂ.ಮೀ. ಅಗಲ, 21 ಸೆಂ.ಮೀ. ಎತ್ತರ. ಗುಣಿಸಿದರೆ ಹಾಳೆಗೆ ಎರಡು ಗ್ರಾಂ ಬರುತ್ತದೆ. ಹಾಳೆಗೆ ಎರಡು ಪುಟ. ಅಂದರೆ ಪುಟಕ್ಕೊಂದು ಗ್ರಾಂ! 200 ಪುಟದ ಪುಸ್ತಕ 200 ಗ್ರಾಂ, ಹೊದಿಕೆಗೆ ಇನ್ನೊಂದು 20–30 ಸೇರಿಸಿ. ಅಪ್ಪ ಈ ಲೆಕ್ಕವನ್ನು ಬೆರಳಲ್ಲೇ ಮುಗಿಸುತ್ತಿದ್ದರು. 1/8 ಕ್ರೌನ್ ಇನ್ನೂ ಚಿಕ್ಕದು, ಅಂಗೈಗೆ ಹಿತ. ಸಿಕ್ಕರೆ ಬಿಡಬೇಡಿ.

ಆಮೇಲೆ ಬೆನ್ನು ನೋಡಿ. ಪುಸ್ತಕದ ನೆತ್ತಿಯ ಕಡೆಯಿಂದ ಬೆನ್ನಿನ ಹತ್ತಿರ ಕಣ್ಣು ಹಾಯಿಸಿ. ಹಾಳೆಗಳು ಮಡಚಿದ ಕಂತೆ ಕಂತೆಯಾಗಿ ಕಂಡರೆ ಹೊಲಿಗೆ ಬೈಂಡಿಂಗ್, ಚೆನ್ನಾಗಿ ಬಾಳುತ್ತದೆ. ಒಂದೇ ಸಮ ಕತ್ತರಿಸಿದ ಹಾಗಿದ್ದರೆ ಬರೀ ಗೋಂದು. ಗೋಂದಿನ ಪುಸ್ತಕ ತಗೊಳ್ಳಬೇಡಿ ಅಂತಲ್ಲ, ಈಗ ಬರುವುದು ಜಾಸ್ತಿ ಅದೇ. ಆದರೆ ಪಳಗಿಸಿಕೊಳ್ಳಬೇಕು. ಬೆನ್ನನ್ನು ಮೇಜಿಗೆ ಊರಿ, ಎರಡೂ ಕಡೆಯ ಹೊದಿಕೆ ಮಲಗಿಸಿ. ಮುಂದಿನಿಂದ ಹತ್ತು ಹಾಳೆ ತೆಗೆದು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, ಹಿಂದಿನಿಂದ ಹತ್ತು. ಹೀಗೇ ನಡುವಿನವರೆಗೆ. "ಸೀದಾ ನಡೂಮಧ್ಯ ತೆಗೆದ್ರೆ ಬೆನ್ನು ಮುರಿಯುತ್ತೆ ಕಣಮ್ಮ" ಅಂತ ಅಪ್ಪ ನೂರು ಸಲ ಹೇಳಿದ್ದರು.

ನೂರಾ ಒಂದನೇ ಸಲ ಹೇಳೋಕೆ ಅವರಿರಲಿಲ್ಲ. ಹೋದ ವರ್ಷ ಹೊಸ ಕಥಾಸಂಕಲನವೊಂದನ್ನು ಇಂದಿರಾನಗರದ ಹತ್ತಿರ ಪಟ್ ಅಂತ ನಡುವಿಗೆ ತೆರೆದೆ. ಏಳೆಂಟು ಹಾಳೆ ಕಿತ್ತು ಬೋಗಿ ತುಂಬಾ ಹರಡಿದವು. ನಾಲ್ಕು ಜನ ಬಗ್ಗಿ ಆರಿಸಿಕೊಟ್ಟರು. ಒಬ್ಬರು ಹೆಂಗಸು ಮಾತ್ರ ಕೈಗೆ ಸಿಕ್ಕ ಹಾಳೆಯನ್ನು ಕೊಡದೆ ಓದುತ್ತಾ ನಿಂತುಬಿಟ್ಟರು. ಬೈಯ್ಯಪ್ಪನಹಳ್ಳಿಯಲ್ಲಿ ಇಳಿಯುವಾಗ ಹಾಳೆ ಕೊಟ್ಟು, "ಆಮೇಲೆ ಏನಾಗುತ್ತೆ?" ಅಂದರು. ನನಗೂ ಗೊತ್ತಿರಲಿಲ್ಲ, ನಾನಿನ್ನೂ ಮೂರನೇ ಪುಟದಲ್ಲಿದ್ದೆ.

ಹಿಡಿಯುವುದು ಹೀಗೆ. ಹೆಬ್ಬೆರಳು, ಕಿರುಬೆರಳು ಒಳಗೆ, ಉಳಿದ ಮೂರು ಹಿಂದೆ. ಪುಟ ತಿರುಗಿಸುವುದು ರೈಲು ನಿಲ್ದಾಣದಲ್ಲಿ ನಿಂತಾಗ. ಆಗ ಕಂಬಿ ಬಿಟ್ಟರೂ ಬೀಳಲ್ಲ. ಎದುರುಬದುರಿನ ಎರಡು ಪುಟ ಮುಗಿಯುವುದಕ್ಕೂ ಮುಂದಿನ ಸ್ಟೇಷನ್ ಬರುವುದಕ್ಕೂ ನನ್ನ ವೇಗದಲ್ಲಿ ಹೆಚ್ಚುಕಮ್ಮಿ ಸರಿಹೋಗುತ್ತದೆ. ನನ್ನ ಮನೆಯಿಂದ ಆಫೀಸಿಗೆ 20 ಸ್ಟೇಷನ್, 40 ಪುಟ ಆಗಬೇಕು. ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಪುಸ್ತಕ ಎದೆಗೊತ್ತಿಕೊಂಡು ನಿಲ್ಲುವುದು ಬಿಟ್ಟರೆ 30 ಪುಟಕ್ಕೆ ಮೋಸವಿಲ್ಲ. ಸಂಜೆ ನಾನು ಓದಲ್ಲ. ಸುಮ್ನೆ ಹೊರಗೆ ನೋಡುತ್ತೇನೆ. ಆದರೂ ಸಾಧಾರಣ ಪುಸ್ತಕ ಒಂದೂವರೆ ವಾರದಲ್ಲಿ ಮುಗಿಯುತ್ತದೆ.

ಹಿಡಿಸದಿದ್ದರೆ ಬಿಡಿ. ನೂರು ಪುಟದ ತನಕ ತಾಳ್ಮೆ ಇರಲಿ ಅನ್ನುವವರು ಕೂತು ಓದುವವರು. ನಾನು ಎಂ.ಜಿ. ರಸ್ತೆ ತನಕ ಕಾಯುತ್ತೇನೆ. ಅಷ್ಟರಲ್ಲಿ ಪುಸ್ತಕ ನನ್ನನ್ನು ಹಿಡಿಯದಿದ್ದರೆ ಮಾರನೇ ದಿನ ಬೇರೆಯದು. ಗುರುತಿಗೆ ಮೊದಲೆಲ್ಲ ಬಸ್ ಟಿಕೆಟ್ ಇಡುತ್ತಿದ್ದೆ. ಮೆಟ್ರೋ ಟೋಕನ್ ಗೇಟೇ ನುಂಗುತ್ತದೆ, ಆದ್ದರಿಂದ ಪುಸ್ತಕದ ಅಂಗಡಿ ಬಿಲ್ಲು.

ಕೊಳ್ಳುವ ವಿಷಯ. ಸಪ್ನಾದ ಗಾಂಧಿನಗರದ ಅಂಗಡಿಗೆ ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಆದರೆ ನಿಂತು, ಮುಟ್ಟಿ, ತೂಗಿ ನೋಡಲು ನನಗೆ ಗಾಂಧಿ ಬಜಾರಿನ ಅಂಕಿತವೇ ಇಷ್ಟ. ಬರುವಾಗ ಹೂವು, ಅವರೆಕಾಯಿಯೂ ಆಗುತ್ತದೆ. ಎಂ.ಜಿ. ರಸ್ತೆಯಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್ ಹಿಂದೆಯೇ ಇದೆ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹಳೆ ಪುಸ್ತಕ ಸಿಗುತ್ತವೆ, ಇಂಗ್ಲಿಷಿನದೇ ಜಾಸ್ತಿ. ಅವೆನ್ಯೂ ರೋಡಿನ ಫುಟ್‌ಪಾತಿಗೆ ಕಥೆ ಕಾದಂಬರಿ ಹುಡುಕಿಕೊಂಡು ಹೋದರೆ ಬರಿಗೈಲಿ ಬರುವ ದಿನಗಳೇ ಹೆಚ್ಚು, ಅಲ್ಲಿ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳದ್ದೇ ರಾಜ್ಯ. ನವೆಂಬರ್ ಬಂದರೆ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಪುಸ್ತಕ ಪ್ರಾಧಿಕಾರದ ರಿಯಾಯಿತಿ ಕೇಳಿ ನೋಡಿ.

ಕೊಳ್ಳದೆಯೂ ಓದಬಹುದು. ಮನೆ ಕಂದಾಯದ ರಸೀದಿ ಒಮ್ಮೆ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ತೆರಿಗೆಯ ನೂರಕ್ಕೆ 6 ರೂಪಾಯಿ. ದುಡ್ಡು ಕಟ್ಟಿದ್ದೀವಿ, ಪುಸ್ತಕ ತರೋಕೆ ಏನು ಧಾಡಿ? ನಾನು ಹಂಪಿನಗರದ ಗ್ರಂಥಾಲಯಕ್ಕೆ ಹೋಗುತ್ತೇನೆ. ಕುರ್ಚಿಗಳೆಲ್ಲ ಪರೀಕ್ಷೆಗೆ ಓದುವ ಹುಡುಗರದು, ಕಾದಂಬರಿ ಕಪಾಟಿನ ಮುಂದೆ ಮಾತ್ರ ಸದಾ ಜಾಗ ಖಾಲಿ.

250 ಗ್ರಾಂ ದಾಟಿದವುಗಳಿಗೆ ಶನಿವಾರ ಬೆಳಿಗ್ಗೆ. ಕಬ್ಬನ್ ಪಾರ್ಕಿನಲ್ಲಿ ಕೆಲವು ವರ್ಷಗಳಿಂದ ಜನ ಚಾಪೆ, ಪುಸ್ತಕ ತಂದು ಮರದಡಿ ಮಾತಿಲ್ಲದೆ ಓದುತ್ತಾರೆ. ಫೀಸಿಲ್ಲ, ಯಾರೂ ನಿಮ್ಮನ್ನು ಏನು ಓದ್ತಿದ್ದೀರಿ ಅಂತ ಕೇಳಲ್ಲ. ಚಾಪೆ ಮರೆಯಬೇಡಿ, ಇರುವೆ ಕಾಟ. ಮಳೆ ಬಂದರೆ ಅಲ್ಲೇ 1915ರ ಕೆಂಪು ಕಟ್ಟಡದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ, ರಾಜ್ಯ ಕೇಂದ್ರ ಗ್ರಂಥಾಲಯ.

ಕೊನೆಗೆ, ಅಕೌಂಟ್ಸ್‌ನವಳಾಗಿ ಒಂದು ಮಾತು. ಪುಸ್ತಕ ಎರವಲು ಕೊಡಿ, ಆದರೆ ಕಿರಾಣಿ ಅಂಗಡಿಯವರ ಹಾಗೆ ಒಂದು ಉದ್ರಿ ಲೆಕ್ಕ ಇಡಿ. ತಾರೀಖು, ಪುಸ್ತಕ, ಯಾರಿಗೆ. ಜೊತೆಗೆ ಅವರು ಪುಸ್ತಕ ಹಿಡಿದುಕೊಂಡಿರುವ ಒಂದು ಫೋಟೊ. ನನ್ನ ಲೆಕ್ಕದಲ್ಲಿ ಈಗ ಒಂಬತ್ತು ಪುಸ್ತಕ ಹೊರಗಿವೆ. ಮೊದಲ ಸಾಲು 2019ರದು, ನಮ್ಮ ನಾದಿನಿಯದು. ಫೋಟೊದಲ್ಲಿ ಚೆನ್ನಾಗಿ ನಗುತ್ತಿದ್ದಾಳೆ.