ಮದ್ದು ಹಾಕಿದ ಮರಕ್ಕೂ ಲಡ್ಡು ಹಿಡಿಯುತ್ತದೆ: ಪರೀಕ್ಷಿಸುವುದು ಹೇಗೆ?

ಮಲ್ಲೇಶ್ವರದ ನಮ್ಮ ಮನೆಯ ತಾರಸಿಗೆ ಹದಿನೆಂಟು ವರ್ಷದ ಹಿಂದೆ ಮಂಗಳೂರು ಹೆಂಚು ಹೊದಿಸಿದೆವು. ಜಂತೆಗಳಿಗೆ ಹಾಕಿದ್ದು ಮದ್ದು ಕುಡಿಸಿದ ಸಿಲ್ವರ್ ಓಕ್. ಗೆದ್ದಲು ಹತ್ತಿರಕ್ಕೂ ಬರಲ್ಲ ಎಂದಿದ್ದರು ಮರ ಮಾರಿದವರು. ಕಳೆದ ಮಳೆಗಾಲ ಮುಗಿದ ಮೇಲೆ ಆಚಾರ್ರು ಗೋಡೆಯ ಪಕ್ಕದ ತುದಿಗೆ ದಬ್ಬಳ ಚುಚ್ಚಿದರು. ಅದು ಬುಡದವರೆಗೂ ಸಲೀಸಾಗಿ ಇಳಿಯಿತು. ಹೊರಗಿನ ಪೇಂಟು ಹಾಗೇ ಇತ್ತು. “ನೋಡಿ ಸಾರ್, ಮೇಲೆ ಬರೀ ಸಿಪ್ಪೆ, ಒಳಗೆಲ್ಲ ಲಡ್ಡು” ಎಂದರು.

ಹೀಗಾಗಲು ಕಾರಣವಿದೆ. ಮದ್ದು ಮರದ ಹೊರಗಿನ ಬಿಳಿ ಭಾಗಕ್ಕೆ ಚೆನ್ನಾಗಿ ಇಳಿಯುತ್ತದೆ, ನಡುವಿನ ಚೇಗಿಗೆ ಅಷ್ಟಾಗಿ ಇಳಿಯುವುದಿಲ್ಲ. ಆಮೇಲೆ ಗರಗಸ ಹಾಕಿದ ತುದಿ, ಕೊರೆದ ತೂತು, ಬಿಸಿಲಿಗೆ ಒಣಗಿ ಬಿಟ್ಟ ಬಿರುಕು, ಇವೆಲ್ಲ ಮದ್ದಿಲ್ಲದ ಒಳಮರಕ್ಕೆ ನೀರು ಇಳಿಯುವ ದಾರಿಗಳು. ನಮ್ಮಲ್ಲಿ ಉದ್ದ ಹೆಚ್ಚಾಯಿತೆಂದು ಜಂತೆಯನ್ನು ಅಲ್ಲೇ ಕೊಯ್ದು, ಕೊಯ್ದ ಬಾಯಿಗೆ ಏನೂ ಬಳಿಯದೆ ಗೋಡೆಯೊಳಗಿಟ್ಟು ಸುತ್ತ ಸಿಮೆಂಟು ಮೆತ್ತಿದ್ದರು. ತೇವ ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಮೊದಲು ಯಾವ ಮದ್ದು ಎಂದು ತಿಳಿಯಿರಿ. ಬರೀ “ಸೀಸನಿಂಗ್ ಆಗಿದೆ” ಎಂದರೆ ಮರ ಒಣಗಿಸಿದ್ದಾರೆ ಎಂದಷ್ಟೇ ಅರ್ಥ, ಮದ್ದು ಹಾಕಿದ್ದಾರೆ ಎಂದಲ್ಲ. ತೆಳು ಹಸಿರು ಛಾಯೆ ಇದ್ದರೆ ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮದ್ದಾಗಿರಬಹುದು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಕಂಡುಹಿಡಿದ ಈ ಮದ್ದು ಜಗತ್ತಿಗೆಲ್ಲ ಹಬ್ಬಿತು. ಇದು ಮರದ ನಾರಿಗೆ ಕಚ್ಚಿಕೊಳ್ಳುತ್ತದೆ. ಬೋರಾಕ್ಸ್ ಹಾಗಲ್ಲ, ಮಳೆ ಬೀಳುವ ಕಡೆ ನಿಧಾನಕ್ಕೆ ತೊಳೆದುಹೋಗುತ್ತದೆ. ಮನೆಯೊಳಗಿನ ಮರಕ್ಕೆ ಮಾತ್ರ ಅದು ಸರಿ.

ಪರೀಕ್ಷೆಗೆ ನವೆಂಬರ್ ಕೊನೆ ಒಳ್ಳೆಯದು. ಮಳೆ ನಿಂತಿರುತ್ತದೆ, ಸೋರಿದ ಕಲೆ ಇನ್ನೂ ಮಾಸಿರುವುದಿಲ್ಲ. ಬೇಕಾಗುವುದು ಟಾರ್ಚು, ಸುತ್ತಿಗೆ, ದಬ್ಬಳ. ತೊಲೆ, ಜಂತೆಗಳ ನಡುಭಾಗ ಬಿಟ್ಟು ತುದಿಯಿಂದ ಶುರುಮಾಡಿ. ಗೋಡೆಯೊಳಗೆ ಕೂತ ಜಾಗ, ಕಂಬದ ಬುಡ, ಹೆಂಚು ಒಡೆದ ಕಡೆ, ನೀರಿನ ಪೈಪು ಹಾದ ಕಡೆ ನೋಡಿ. ಸುತ್ತಿಗೆಯ ಹಿಡಿಯಿಂದ ತಟ್ಟಿ: ಗಟ್ಟಿ ಮರ ಠಣ್ಣೆನ್ನುತ್ತದೆ, ಟೊಳ್ಳಾದದ್ದು ದಬ್ ಎನ್ನುತ್ತದೆ. ಸಂಶಯ ಬಂದಲ್ಲಿ ದಬ್ಬಳ ಚುಚ್ಚಿ.

ನನಗೆ ಹೆಚ್ಚು ನಂಬಿಕೆ ಇರುವುದು ಮುಂದಿನ ಪರೀಕ್ಷೆಯಲ್ಲಿ. ದಬ್ಬಳದ ಮೊನೆಯನ್ನು ನಾರಿನ ಅಡ್ಡಕ್ಕೆ ಸ್ವಲ್ಪ ಇಳಿಸಿ ಮೇಲಕ್ಕೆ ಮೀಟಿ. ಆರೋಗ್ಯದ ಮರದಿಂದ ಉದ್ದನೆಯ ಸಿಬಿರು ಚಟಚಟನೆ ಏಳುತ್ತದೆ. ಕೆಟ್ಟ ಮರವಾದರೆ ಮೊನೆಯ ಮೇಲೆಯೇ ತುಂಡಾಗಿ, ರಸ್ಕು ಮುರಿದ ಹಾಗೆ ಉದುರುತ್ತದೆ. ಕಣ್ಣಿಗೆ ಏನೂ ಕಾಣದಿರುವಾಗಲೇ ಲಡ್ಡು ಹಿಡಿಸುವ ಶಿಲೀಂಧ್ರ ಮರದ ಬಲವನ್ನು ಬಹಳಷ್ಟು ಕಸಿದಿರುತ್ತದೆ, ಅದಕ್ಕೇ ಈ ಸಿಬಿರು ಮುಖ್ಯ.

ಬೆಂಕಿ ತಗುಲದಂತೆ ಮದ್ದು ಹಾಕಿದ ಪ್ಲೈವುಡ್ಡಿಗೂ ಇದನ್ನೇ ಮಾಡಿ. ಅಂಥ ಕೆಲವು ಲವಣಗಳು ಕಾದ ಚಾವಣಿಯಡಿ ಆಮ್ಲ ಬಿಟ್ಟು ನಾರನ್ನೇ ತಿನ್ನುತ್ತವೆ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಮನೆಗಳ ಚಾವಣಿಯ ಹಲಗೆ ಹೀಗೆ ಕಂದಾಗಿ ಪುಡಿಯಾಯಿತು. ಇದಕ್ಕೆ ಸೋರಿಕೆ ಬೇಕಿಲ್ಲ, ಸೆಕೆ ಸಾಕು. ತಗಡಿನ ಶೀಟಿನ ಕೆಳಗೆ ಇಂಥದ್ದಿದ್ದರೆ ಏಪ್ರಿಲ್ ನಂತರವೂ ಒಮ್ಮೆ ನೋಡಿ.

ಮೊಳೆ, ಬೋಲ್ಟುಗಳ ತುಕ್ಕನ್ನೂ ಗಮನಿಸಿ. ತಾಮ್ರದ ಮದ್ದು ತೇವದಲ್ಲಿ ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಕೆಟ್ಟದ್ದು ತುದಿಯಲ್ಲಾದರೆ ಮೇಲೆ ಪಟ್ಟಿ ಮೆತ್ತಿ ಪೇಂಟು ಹೊಡೆಯಬೇಡಿ. ಮೊದಲು ಕೆಳಗಿನಿಂದ ಜಾಕ್ ಕೊಟ್ಟು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಸೋರಿಕೆ ನಿಲ್ಲಿಸಿ, ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಹೊಸ ಮರ ಕೂರಿಸುವಾಗ ಕೊಯ್ದ ಪ್ರತಿ ಬಾಯಿಗೂ ಮದ್ದು ಬಳಿಸಿ, ತುದಿಯ ಸುತ್ತ ಗಾಳಿಗೆ ಬೆರಳಗಲ ಜಾಗ ಬಿಡಿಸಿ. ಎದುರಿಗೇ ನಿಂತು ಮಾಡಿಸಿ. ಯಾವ ಜಾತಿಯ ಮರ ಎಂಬ ಅನುಮಾನವಿದ್ದರೆ ಮಲ್ಲೇಶ್ವರ 18ನೇ ಕ್ರಾಸಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತಿಸಿಕೊಡುತ್ತಾರೆ.

ಬಿಚ್ಚಿದ ಹಳೇ ಮರವನ್ನು ಬಚ್ಚಲ ಒಲೆಗೆ ಹಾಕಬೇಡಿ, ಕೆಲಸದವರಿಗೂ ಸೌದೆಗೆಂದು ಕೊಡಬೇಡಿ. ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿಯನ್ನು ಗಿಡದ ಬುಡಕ್ಕೂ ಸುರಿಯುವಂತಿಲ್ಲ. ಕೊಯ್ಯುವಾಗ ಮಾಸ್ಕ್ ಹಾಕಿ, ಹುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.